ಸಾಕ್ಷ್ಯಚಿತ್ರ ಯಾರ ಸಾಕ್ಷ್ಯ?

ಮಹನೀಯರ ಚರಿತ್ರೆಯನ್ನು ಹೇಳುವುದು, ಕೇಳುವುದು ನಮ್ಮ ನಾಡಿಗೆ ಹೊಸತಲ್ಲ. ಶರಣರ ಪುರಾಣಗಳನ್ನು ಕೇಳುತ್ತ ಬೆಳೆದ ಈ ಪತ್ರಿಕೆಯ ವಾಚಕರಿಗಂತೂ ಅದು ಬಾಲ್ಯದಿಂದ ಬಂದ ಸಂಸ್ಕಾರ. ಹಿಂದೆ ಕವಿಗಳು ಮಾಡುತ್ತಿದ್ದ ಈ ಕಾರ್ಯವನ್ನು ಇಂದು ಸಾಕ್ಷ್ಯಚಿತ್ರಗಳೂ ಮಾಡುತ್ತಿವೆ. ಸೌಮ್ಯ ಸ್ವಭಾವದವರ ಬಾಳನ್ನು ಚಿತ್ರಿಸುವುದು ಸುಲಭ. ಆದರೆ ಪ್ರತಿಭೆಯೊಡನೆ ಹಟ, ಕೋಪ, ಚಂಚಲತೆಗಳನ್ನೂ ಹೊತ್ತು ಬಾಳಿದ ಚಲನಚಿತ್ರ ನಿರ್ದೇಶಕರೊಬ್ಬರ ಸ್ವಭಾವವನ್ನು ಇನ್ನೊಬ್ಬರ ಕ್ಯಾಮರಾ ನ್ಯಾಯವಾಗಿ ತೋರಿಸಬಲ್ಲುದೆ? ತೋರಿಸಬಲ್ಲುದು, ಆದರೆ ಅದಕ್ಕೊಂದು ನಿಬಂಧನೆಯುಂಟು.

ಮೊದಲು ನಮ್ಮ ಮನೆಯ ನಿದರ್ಶನವನ್ನೇ ನೋಡಿರಿ. ಹರಿಹರನ ರಗಳೆಯಲ್ಲಿ ಅಲ್ಲಮಪ್ರಭುಗಳು ಕಾಮಲತೆಗೆ ಮನಸೋತವರು. ಆಕೆ ತೀರಿಕೊಂಡಾಗ ಮೈಮರೆತು ಅಲೆದವರು. ಆ ಅಲೆದಾಟದಲ್ಲಿಯೇ ಅನಿಮಿಷಯ್ಯನಿಂದ ಲಿಂಗವನ್ನು ಪಡೆದವರು. ಹದಿನೈದನೆಯ ಶತಮಾನದ ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಾದರೋ ಮಾಯೆ ಅವರನ್ನು ಮುಟ್ಟಲಾರದೆ ಸೋಲುತ್ತಾಳೆ. ಇಬ್ಬರು ಕವಿಗಳೂ ಭಕ್ತರೇ. ಹರಿಹರನ ಪ್ರಭುಗಳು ವಿರಹದಿಂದ ಬಳಲಿದರೆಂದು ನಮ್ಮ ಭಕ್ತಿ ಕುಂದಿತೆ? ಇಲ್ಲ, ಅವರು ಏರಿದ ಎತ್ತರ ಅಲ್ಲಿ ಇನ್ನಷ್ಟು ನಿಚ್ಚಳವಾಗಿ ಕಾಣುತ್ತದೆ. ಬಸವಣ್ಣನವರು ತಮ್ಮ ಕುಂದುಗಳನ್ನು ತಾವೇ ವಚನಗಳಲ್ಲಿ ಎತ್ತಿ ಆಡಿದರು. ನವಲಗುಂದದ ಜನ ಅವಧೂತ ನಾಗಲಿಂಗಸ್ವಾಮಿಗಳ ಲೋಕವಿಲಕ್ಷಣ ನಡೆಯನ್ನು ಮರೆಮಾಚದೆಯೇ ಅವರಿಗೆ ಕೈಮುಗಿಯುತ್ತಾರೆ. ಆದುದರಿಂದ ಕುಂದನ್ನು ಹೇಳಿದ ಮಾತ್ರಕ್ಕೆ ನಿಂದೆಯಾಗದು. ಮುಚ್ಚಿಟ್ಟ ಮಾತ್ರಕ್ಕೆ ಭಕ್ತಿಯೂ ಆಗದು.

ಆದರೆ ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ವಿರಹ ನೋಯಿಸಿದ್ದು ವಿರಹಿಯನ್ನೇ. ನಿರ್ದೇಶಕನ ಹಟ ನೋಯಿಸುವುದಾದರೋ ಅವನ ಕೈಕೆಳಗೆ ದುಡಿಯುವವರನ್ನು. ಆ ನೋವು ಅವನೊಬ್ಬನ ಸೊತ್ತಲ್ಲ. ಅದನ್ನು ಅವನೊಬ್ಬನ ಬಾಯಿಂದ ಕೇಳಿ ತೀರ್ಮಾನಿಸುವುದೂ ಸಲ್ಲದು.

ಈ ಮಾತು ಜರ್ಮನಿಯ ನಿರ್ದೇಶಕ ವರ್ನರ್ ಹೆರ್ಜೋಗ್ ಅವರಿಗೆ ಸಂಬಂಧಿಸಿದ ಎರಡು ಚಿತ್ರಗಳಿಂದ ಸ್ಪಷ್ಟವಾಗುತ್ತದೆ. 'ಫಿಟ್ಸ್‌ಕರಾಲ್ಡೊ' ಚಿತ್ರಕ್ಕಾಗಿ ಅವರು ಪೆರು ದೇಶದ ಕಾಡಿನಲ್ಲಿ ನಿಜವಾದ ಹಡಗೊಂದನ್ನು ಗುಡ್ಡದ ಮೇಲೆ ಎಳೆಸಿದರು. ಆ ಸಾಹಸವನ್ನು ಅಮೆರಿಕದ ಲೆಸ್ ಬ್ಲ್ಯಾಂಕ್ 1982ರ 'ಬರ್ಡನ್ ಆಫ್ ಡ್ರೀಮ್ಸ್' ಎಂಬ ಸಾಕ್ಷ್ಯಚಿತ್ರದಲ್ಲಿ ದಾಖಲಿಸಿದರು. ಹೆರ್ಜೋಗರ ಸಂಕಲ್ಪಬಲವನ್ನು ಅದು ಮರೆಸುವುದಿಲ್ಲ. ಅಂತೆಯೇ ಅವರಿಗಾಗಿ ದುಡಿದ ಕಾಡಿನ ಜನರ ಬೀಡನ್ನೂ, ಅಪಾಯವುಂಟೆಂದು ಎಚ್ಚರಿಸಿ ಕೆಲಸ ಬಿಟ್ಟುಹೋದ ಎಂಜಿನಿಯರನ್ನೂ ಮರೆಯುವುದಿಲ್ಲ. ಕನಸು ಒಬ್ಬರದು, ಭಾರ ಹಲವರದು ಎಂಬುದನ್ನು ನೋಡುಗನೇ ತೂಗಿ ನೋಡಬಹುದು.

ಎರಡನೆಯದು ಹೆರ್ಜೋಗರೇ 1999ರಲ್ಲಿ ನಿರ್ಮಿಸಿದ ಚಿತ್ರ. 'ನನ್ನ ಅತಿ ಪ್ರಿಯ ಶತ್ರು' ಎಂಬುದು ಅದರ ಜರ್ಮನ್ ಹೆಸರಿನ ಅರ್ಥ. ತಮ್ಮ ಐದು ಚಿತ್ರಗಳಲ್ಲಿ ನಟಿಸಿದ, ಕೋಪಕ್ಕೆ ಹೆಸರಾದ ಕ್ಲಾಸ್ ಕಿನ್‌ಸ್ಕಿಯವರನ್ನು ಅವರು ಅಲ್ಲಿ ಚಿತ್ರಿಸಿದ್ದಾರೆ. ಕಿನ್‌ಸ್ಕಿ 1991ರಲ್ಲಿಯೇ ತೀರಿಕೊಂಡಿದ್ದರು. ಉತ್ತರ ಕೊಡಲು ಅವರಿಲ್ಲ. ದೂರುವವರೂ ತೀರ್ಪು ಹೇಳುವವರೂ ಒಬ್ಬರೇ ಆದಾಗ ನ್ಯಾಯವೆಲ್ಲಿ? ಆದರೂ ಆ ಚಿತ್ರವನ್ನು ಉಳಿಸಿದ್ದು ಇಬ್ಬರು ನಟಿಯರ ಮಾತು. ಇವಾ ಮ್ಯಾಟೆಸ್ ಹಾಗೂ ಕ್ಲಾಡಿಯಾ ಕಾರ್ಡಿನಾಲೆ ಅವರು ಅದೇ ಕಿನ್‌ಸ್ಕಿಯ ಸೌಜನ್ಯವನ್ನು, ಮೃದುತನವನ್ನು ನೆನೆಯುತ್ತಾರೆ. ನಿರೂಪಕರ ಮಾತಿಗೆ ಎದುರಾದ ಈ ಸಾಕ್ಷ್ಯವನ್ನು ಕತ್ತರಿಸದೆ ಇಟ್ಟುದರಿಂದಲೇ ಆ ಚಿತ್ರಕ್ಕೆ ಬೆಲೆ ಬಂದಿತು.

ನಮ್ಮ ಕನ್ನಡದಲ್ಲಿ ಈ ಪ್ರಶ್ನೆ ತೀವ್ರವಾಗಿ ಏಳುವುದು ಬಿ.ವಿ. ಕಾರಂತರ ವಿಷಯದಲ್ಲಿ. ಬಾಲ್ಯದಲ್ಲಿಯೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿ ಸೇರಿದವರು ಅವರು. ವೀರಣ್ಣನವರೇ ಅವರನ್ನು ಕಾಶಿಗೆ ಓದಲು ಕಳಿಸಿದರು. 1971ರಲ್ಲಿ ಗಿರೀಶ ಕಾರ್ನಾಡರೊಡನೆ 'ವಂಶವೃಕ್ಷ'ವನ್ನು, 1975ರಲ್ಲಿ ಸ್ವರ್ಣಕಮಲ ಪಡೆದ 'ಚೋಮನ ದುಡಿ'ಯನ್ನು ನಿರ್ದೇಶಿಸಿದರು. ದೆಹಲಿ, ಭೋಪಾಲ, ಮೈಸೂರುಗಳಲ್ಲಿ ರಂಗಸಂಸ್ಥೆಗಳನ್ನು ನಡೆಸಿದರು. ಎಲ್ಲಿಯೂ ನೆಲೆ ನಿಲ್ಲಲಿಲ್ಲ. 1986ರಲ್ಲಿ ಭೋಪಾಲದ ರಂಗಮಂಡಲದ ನಟಿಯೊಬ್ಬರು ಸುಟ್ಟಗಾಯಗಳಿಗೆ ತುತ್ತಾದ ಪ್ರಕರಣದಲ್ಲಿ ಅವರ ಬಂಧನವಾಯಿತು. ಮುಂದೆ ಅವರು ದೋಷಮುಕ್ತರಾದರು.

ಇಂತಹ ಬಾಳನ್ನು ತೆರೆಗೆ ತರುವುದು ಹೇಗೆ? ಬಂಧನವನ್ನು ಹೇಳಿ ಬಿಡುಗಡೆಯನ್ನು ಹೇಳದಿರುವುದು ಅನ್ಯಾಯ. ಬಿಡುಗಡೆಯನ್ನು ಹೇಳಿ ಆ ನಟಿಯ ನೋವನ್ನು ಮರೆಯುವುದೂ ಅನ್ಯಾಯ. ಪ್ರಕರಣವನ್ನೇ ಹಿಡಿದು 'ಚೋಮನ ದುಡಿ'ಯನ್ನು ಬದಿಗಿಡುವುದು ಇನ್ನೊಂದು ಬಗೆಯ ಅನ್ಯಾಯ. 2002ರಲ್ಲಿ ಕಾರಂತರು ಕಾಲವಾದ ಹತ್ತು ವರ್ಷಗಳ ಅನಂತರ ಪಿ.ಎನ್. ರಾಮಚಂದ್ರ ಅವರು ಫಿಲ್ಮ್ಸ್ ಡಿವಿಜನ್‌ಗಾಗಿ 'ಬಾಬಾ' ಎಂಬ ಸಾಕ್ಷ್ಯಚಿತ್ರವನ್ನು ಮಾಡಿದರು. ತೀರಿಕೊಂಡವರ ಚಿತ್ರಕ್ಕೆ ಒಡನಾಡಿಗಳ ನೆನಪೇ ಆಧಾರ. ನೆನಪಿಗೆ ಪ್ರೀತಿಯೂ ಉಂಟು, ಮುನಿಸೂ ಉಂಟು. ಕಾರಂತರು ವೈದೇಹಿಯವರ ಮುಂದೆ ಹೇಳಿಕೊಂಡ ಆತ್ಮಕಥನ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ' ನಮ್ಮ ಮುಂದಿದೆ. ಅವರ ಪತ್ನಿ, ಸ್ವತಃ ನಿರ್ದೇಶಕಿಯಾದ ಪ್ರೇಮಾ ಕಾರಂತರ ಆತ್ಮಕಥನವೂ ಇದೆ. ಚಿತ್ರವನ್ನು ನೋಡಿದವರು ಈ ಎರಡನ್ನೂ ಓದಬೇಕು. ಒಂದೇ ಮನೆಯ ಎರಡು ದನಿಗಳನ್ನು ಕೇಳಿದಾಗಲೇ ಮನುಷ್ಯನ ಪೂರ್ಣ ಪರಿಚಯ.

ಹಾಗಾದರೆ ನಿಬಂಧನೆ ಇಷ್ಟೇ: ಪ್ರತಿಭಾವಂತನಿಂದ ಬೆಳಕು ಪಡೆದವರ ಜೊತೆಗೆ ಅವನಿಂದ ನೊಂದವರಿಗೂ ಚಿತ್ರದಲ್ಲಿ ಮಾತು ಸಿಗಬೇಕು, ಮತ್ತು ಇಬ್ಬರ ನಡುವೆ ಅವನ ಕೃತಿ ನಿಲ್ಲಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಸಾಕ್ಷ್ಯಚಿತ್ರವು ಸ್ತೋತ್ರವಾದೀತು ಅಥವಾ ದೂರಿನ ಅರ್ಜಿಯಾದೀತು.

ಇದು ಚಿತ್ರರಂಗದವರಿಗೆ ಮಾತ್ರ ಹೇಳಿದ ಮಾತಲ್ಲ. ನಮ್ಮ ಮಠಗಳ, ವಿದ್ಯಾಸಂಸ್ಥೆಗಳ ಹಿರಿಯರನ್ನು ಕುರಿತೂ ಚಿತ್ರಗಳು ತಯಾರಾಗುತ್ತಿವೆ. ಹಳೆಯ ವಿದ್ಯಾರ್ಥಿಗಳಾದ ನೀವು ಅವುಗಳಿಗೆ ನೆರವಾಗುತ್ತೀರಿ, ನೆನಪುಗಳನ್ನು ಹೇಳುತ್ತೀರಿ. ಆಗ ಪ್ರಸಾದ ಉಂಡುದನ್ನು ಹೇಳಿದಂತೆ ಬೈಗುಳ ತಿಂದುದನ್ನೂ ಹೇಳಿರಿ. ಹರಿಹರ ಅಂಜಲಿಲ್ಲ, ನಾವೇಕೆ ಅಂಜಬೇಕು?