ಅವಧಾನವೂ ಪದ್ಯಪಾನವೂ: ಸದ್ಯಃಸಂವಾದ ಮತ್ತು ಸಾವಕಾಶ ಸಂವಾದಗಳ ಪ್ರೇರಣೆ

ಎದುರೆದುರು ಕುಳಿತು ಆ ಕ್ಷಣದಲ್ಲಿಯೇ ನಡೆಯಿಸುವ ಮಾತು ಒಂದು ಬಗೆ. ಇಂದು ಕೇಳಿದುದಕ್ಕೆ ನಾಳೆಯೋ ನಾಡಿದ್ದೋ ಉತ್ತರವನ್ನು ಬರೆದು ಕಳುಹಿಸುವ ಮಾತು ಇನ್ನೊಂದು ಬಗೆ. ಅಂತರ್ಜಾಲವು ಬಂದ ಮೇಲೆ ಈ ಎರಡೂ ಒಂದೇ ಯಂತ್ರದ ಮೂಲಕ ಎಲ್ಲರಿಗೂ ಸುಲಭವಾಗಿ ಒದಗಿವೆ. ಹೀಗಿರಲು ಜನರು ಒಮ್ಮೆ ಮೊದಲನೆಯದನ್ನೂ ಮತ್ತೊಮ್ಮೆ ಎರಡನೆಯದನ್ನೂ ಬಯಸುವುದಕ್ಕೆ ಕಾರಣವೇನು? ಈ ಪ್ರಶ್ನೆಯನ್ನು ಬರಿಯ ಊಹೆಯಿಂದ ಬಗೆಹರಿಸುವುದಕ್ಕಿಂತ ಒಂದು ನಿದರ್ಶನವನ್ನು ಮುಂದಿಟ್ಟುಕೊಂಡು ಪರೀಕ್ಷಿಸುವುದು ಲೇಸು. ಅಂತಹ ನಿದರ್ಶನವು ನಮ್ಮ ಕನ್ನಡದಲ್ಲಿಯೇ ಇದೆ. ಆಶುಕವಿತೆಯೆಂಬ ಒಂದೇ ಕಲೆಯು ಸಭೆಯಲ್ಲಿ ಅವಧಾನವಾಗಿಯೂ ಜಾಲದಲ್ಲಿ ‘ಪದ್ಯಪಾನ’ವಾಗಿಯೂ ಎರಡು ರೂಪಗಳನ್ನು ತಾಳಿತು. ಇವೆರಡನ್ನೂ ತೂಗಿ ನೋಡಿ, ಯಾವುದು ಯಾರನ್ನು ಏತಕ್ಕಾಗಿ ಕರೆಯಿತೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಅವಧಾನದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕು. ಅಷ್ಟಾವಧಾನದಲ್ಲಿ ೮ ಮಂದಿ ಪೃಚ್ಛಕರು ಅವಧಾನಿಯನ್ನು ಸುತ್ತುವರಿದು ಕುಳಿತಿರುತ್ತಾರೆ. ಒಬ್ಬರು ಅಸಂಗತವೆಂದು ತೋರುವ ಒಂದು ಪಾದವನ್ನು ಕೊಟ್ಟು ಪದ್ಯವನ್ನು ಪೂರ್ಣಗೊಳಿಸೆನ್ನುವರು, ಅದು ಸಮಸ್ಯಾಪೂರಣ. ಮತ್ತೊಬ್ಬರು ನಾಲ್ಕು ಶಬ್ದಗಳನ್ನು ಕೊಟ್ಟು ಅವು ನಾಲ್ಕು ಪಾದಗಳಲ್ಲಿ ಸೇರಬೇಕೆನ್ನುವರು, ಅದು ದತ್ತಪದಿ. ನಿಷೇಧಾಕ್ಷರಿಯವರು ಅವಧಾನಿ ಹೇಳಿದ ಒಂದೊಂದಕ್ಷರದ ಮುಂದೆಯೂ ಬರಬಹುದಾದ ಅಕ್ಷರವನ್ನು ಊಹಿಸಿ ಅದನ್ನು ನಿಷೇಧಿಸುತ್ತಾರೆ. ಸಂಖ್ಯಾಬಂಧದವರು ನಡುನಡುವೆ ಚೌಕದ ಯಾವುದೋ ಒಂದು ಮನೆಯ ಅಂಕಿಯನ್ನು ಕೇಳುತ್ತಾರೆ. ಅಪ್ರಸ್ತುತಪ್ರಸಂಗಿಯು ಇವೆಲ್ಲದರ ಮಧ್ಯೆ ಸಂಬಂಧವಿಲ್ಲದ ಮಾತನ್ನು ತೆಗೆದು ಏಕಾಗ್ರತೆಯನ್ನು ಕೆಡಿಸಲು ಯತ್ನಿಸುತ್ತಾನೆ. ಅವಧಾನಿಗೆ ಲೇಖನಿಯಿಲ್ಲ, ಕಾಗದವಿಲ್ಲ. ಸುತ್ತಿಗೊಂದು ಪಾದದಂತೆ ಪದ್ಯಗಳನ್ನು ಬೆಳೆಯಿಸಿ, ಕಡೆಗೆ ಧಾರಣದಲ್ಲಿ ಅವನ್ನೆಲ್ಲ ನೆನಪಿನಿಂದ ಒಪ್ಪಿಸಬೇಕು. ಈ ಕಾಲದಲ್ಲಿ ಕನ್ನಡದ ಈ ಕಲೆಗೆ ಪುನರುಜ್ಜೀವನವನ್ನು ಕೊಟ್ಟವರು ಶತಾವಧಾನಿ ಡಾ. ರಾ. ಗಣೇಶ್ ಅವರು. ಸಾವಿರಕ್ಕೂ ಮೀರಿ ಅವಧಾನಗಳನ್ನು ನಡೆಯಿಸಿದ ಅವರು ೨೦೧೨ರಲ್ಲಿ ಬೆಂಗಳೂರಿನಲ್ಲಿ ಕನ್ನಡದ ಶತಾವಧಾನವನ್ನೂ ನೆರವೇರಿಸಿದರು.

ಇಂತಹ ಸಭೆಗೆ ಜನರು ಬರುವುದೇಕೆ? ಹಳೆಯ ಬೆಂಗಳೂರಿಗೆ ಸಭೆಯ ಅಭ್ಯಾಸವಿದ್ದಿತೆಂಬುದು ಒಂದು ಉತ್ತರ. ಚಾಮರಾಜಪೇಟೆಯಲ್ಲಿ ೧೯೧೫ರಲ್ಲಿ ಸ್ಥಾಪಿತವಾದ ಸಾಹಿತ್ಯ ಪರಿಷತ್ತಿನ ಮಂದಿರವೂ, ಬಸವನಗುಡಿಯಲ್ಲಿ ಡಿ. ವಿ. ಗುಂಡಪ್ಪನವರು ೧೯೪೫ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೂ ಸಂಜೆಯ ಉಪನ್ಯಾಸಗಳಿಗೂ ಕಾವ್ಯಶ್ರವಣಕ್ಕೂ ಒಂದು ಶ್ರೋತೃವರ್ಗವನ್ನು ಬೆಳೆಯಿಸಿದವು. ಆದರೆ ಅಭ್ಯಾಸವೊಂದರಿಂದಲೇ ಅವಧಾನದ ಆಕರ್ಷಣೆಯನ್ನು ವಿವರಿಸಲಾಗದು. ಮುಂದೇನಾಗುವುದೋ ಎಂಬ ಅನಿಶ್ಚಯವೇ ಅದರ ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ. ನಿಷೇಧಕ್ಕೆ ಸಿಕ್ಕಿದ ಪಾದವು ಮುಂದುವರಿಯುವುದೋ ನಿಲ್ಲುವುದೋ ಎಂಬುದು ಸಭೆಯಲ್ಲಿ ಯಾರಿಗೂ ತಿಳಿಯದು, ಅವಧಾನಿಗೂ ತಿಳಿಯದು. ಪದ್ಯವು ಹುಟ್ಟುವ ಗಳಿಗೆಗೆ ಶ್ರೋತೃಗಳೆಲ್ಲರೂ ಸಾಕ್ಷಿಗಳಾಗುತ್ತಾರೆ; ಒಬ್ಬನ ಕಷ್ಟವನ್ನು ನೂರು ಮಂದಿ ಒಟ್ಟಿಗೆ ಅನುಭವಿಸಿ, ಅವನು ಪಾರಾದಾಗ ಒಟ್ಟಿಗೆ ನಿಟ್ಟುಸಿರು ಬಿಡುತ್ತಾರೆ. ಛಂದಸ್ಸಿನ ಗಂಧವಿಲ್ಲದವನೂ ಈ ಸಂತೋಷದಲ್ಲಿ ಭಾಗಿಯಾಗಬಲ್ಲನು.

ಆದರೆ ಇದೇ ಗುಣವು ಒಂದು ಮಿತಿಯನ್ನೂ ತರುತ್ತದೆ. ನೂರು ಮಂದಿ ನೋಡುವವರಾದರೆ ಕೇಳುವವರು ೮ ಮಂದಿ, ರಚಿಸುವವನು ಒಬ್ಬನೇ. ಕುಳಿತವರಲ್ಲಿ ಯಾರಿಗಾದರೂ ಸಮಸ್ಯೆಗೊಂದು ಪೂರಣವು ಹೊಳೆದರೂ ಅದನ್ನು ಎದ್ದುನಿಂತು ಹೇಳುವುದು ಸಭಾಮರ್ಯಾದೆಗೆ ಸಲ್ಲದು. ಹೇಳುವ ಧೈರ್ಯವೂ ಸಾಮಾನ್ಯವಾಗಿ ಇರದು. ಮನೆಗೆ ನಡೆದು ಹೋಗುವಾಗ ಹೊಳೆದ ಪದ್ಯಕ್ಕಂತೂ ಅಲ್ಲಿ ಸ್ಥಾನವೇ ಇಲ್ಲ.

ಹೀಗೆ ತಡವಾಗಿ ಹೊಳೆದ ಪದ್ಯಕ್ಕೆ ಸ್ಥಾನವನ್ನು ಕೊಟ್ಟುದು ಪದ್ಯಪಾನ. ೨೦೧೦ರ ದಶಕದಲ್ಲಿ ಛಂದೋಬದ್ಧ ರಚನೆಯ ಆಸಕ್ತರು ಜಾಲದಲ್ಲಿ ನಡೆಯಿಸಿದ ಈ ವೇದಿಕೆಯಲ್ಲಿ ಕಾಲಕಾಲಕ್ಕೆ ಒಂದು ಸಮಸ್ಯೆಯನ್ನೋ ದತ್ತಪದಿಯನ್ನೋ ವರ್ಣನೆಯ ವಸ್ತುವನ್ನೋ ಒಂದು ಚಿತ್ರವನ್ನೋ ಕೊಡಲಾಗುತ್ತಿತ್ತು. ಬೇಕಾದವರು ತಮಗೆ ಒಪ್ಪಿದ ಛಂದಸ್ಸಿನಲ್ಲಿ, ತಮಗೆ ಬಿಡುವಾದಾಗ, ಪದ್ಯವನ್ನು ರಚಿಸಿ ಸೇರಿಸುವರು; ಇತರರು ಅದರ ಕೆಳಗೆ ಮೆಚ್ಚುಗೆಯನ್ನೋ ತಿದ್ದುಪಡಿಯನ್ನೋ ಬರೆಯುವರು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಅವಧಾನದ ಅಂಗಗಳೆಲ್ಲವೂ ಈ ಸಾವಕಾಶರೂಪಕ್ಕೆ ಒಗ್ಗುವಂತಹವಲ್ಲ. ಸಮಸ್ಯೆ, ದತ್ತಪದಿ, ವರ್ಣನೆಗಳು ಒಗ್ಗಿದವು. ನಿಷೇಧಾಕ್ಷರಿಯಾದರೋ ತಡೆಯುವವನ ಊಹೆಗೂ ತಪ್ಪಿಸಿಕೊಳ್ಳುವವನ ಯುಕ್ತಿಗೂ ಕ್ಷಣಕ್ಷಣವೂ ನಡೆಯುವ ಪಂದ್ಯ. ಒಂದಕ್ಷರಕ್ಕೆ ಒಂದು ದಿನ ಕಾಯಬೇಕಾದರೆ ಅದರ ಸ್ವಾರಸ್ಯವು ಉಳಿಯದು. ಅಪ್ರಸ್ತುತಪ್ರಸಂಗಕ್ಕೂ ಅದೇ ಗತಿ: ಮಾರನೆಯ ದಿನ ಓದಿದ ಅಡ್ಡಮಾತು ಯಾರ ಏಕಾಗ್ರತೆಯನ್ನೂ ಕೆಡಿಸದು. ಎರಡು ಮನಸ್ಸುಗಳ ಸಂಘರ್ಷವೇ ಯಾವುದರ ಸಾರವೋ ಅದು ಸಭೆಯನ್ನು ಬಯಸುತ್ತದೆ. ಮುಗಿದ ಪದ್ಯವೇ ಯಾವುದರ ಫಲವೋ ಅದು ಕಾಲವಿಳಂಬವನ್ನು ಸಹಿಸುತ್ತದೆ. ಸದ್ಯಃಸಂವಾದ ಯಾವುದಕ್ಕೆ ತಕ್ಕುದು, ಸಾವಕಾಶ ಸಂವಾದ ಯಾವುದಕ್ಕೆ ತಕ್ಕುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಒರೆಗಲ್ಲು ದೊರೆಯುವುದು ಕಷ್ಟ.

ಇನ್ನು ಸಾವಕಾಶರೂಪದ ಪ್ರೇರಣೆಗಳನ್ನು ನೋಡೋಣ. ಮೊದಲನೆಯದು ತಪ್ಪುವ ಸ್ವಾತಂತ್ರ್ಯ. ಕಂದಪದ್ಯವನ್ನೇ ತೆಗೆದುಕೊಳ್ಳಿ. ಒಂದು ಮತ್ತು ಮೂರನೆಯ ಪಾದಗಳಿಗೆ ೧೨ ಮಾತ್ರೆ, ಎರಡು ಮತ್ತು ನಾಲ್ಕನೆಯವಕ್ಕೆ ೨೦ ಮಾತ್ರೆ. ವಿಷಮಸ್ಥಾನದ ಗಣಗಳಲ್ಲಿ ಜಗಣವು ಬರಕೂಡದು. ಒಂದೊಂದರ್ಧದ ಆರನೆಯ ಗಣವು ಜಗಣವೋ ಸರ್ವಲಘುವೋ ಆಗಿರಬೇಕು. ನಾಲ್ಕು ಪಾದಗಳಿಗೂ ಆದಿಪ್ರಾಸವು ಬೇಕು. ಹೊಸಬನು ಇದನ್ನು ಬೆರಳೆಣಿಸಿಕೊಂಡಲ್ಲದೆ ಸಾಧಿಸಲಾರನು. ಸಭೆಯಲ್ಲಿ ಬೆರಳೆಣಿಸುವವನು ನಗೆಗೀಡಾಗುವನು. ಮನೆಯಲ್ಲಿ ಎಣಿಸಿದರೆ ನೋಡುವವರಾರು? ಎರಡನೆಯದು ತಿದ್ದುವವರ ಸಾಹಚರ್ಯ. ಗಣವು ಎಲ್ಲಿ ತಪ್ಪಿತು, ಯತಿ ಎಲ್ಲಿ ಕೆಟ್ಟಿತು, ಸಂಧಿ ಎಲ್ಲಿ ಸಲ್ಲದು ಎಂಬುದನ್ನು ಬಲ್ಲವರು ಬರೆದು ತೋರಿಸಿದರೆ, ಆ ತಿದ್ದುಪಡಿಯು ಅಲ್ಲಿಯೇ ಉಳಿದು ಮುಂದೆ ಬರುವವನಿಗೂ ಪಾಠವಾಗುವುದು. ಸಭೆಯ ಚಪ್ಪಾಳೆಯಿಂದ ಇಂತಹ ಪಾಠವು ದೊರೆಯದು.

ಮೂರನೆಯದು ಬಹು ಪೂರಣಗಳ ಸ್ಪರ್ಧೆ. ನಡುವಿರುಳಿನಲ್ಲಿ ಸೂರ್ಯನು ಮೂಡಿದನೆಂಬರ್ಥದ ಸಮಸ್ಯೆಯನ್ನು ಕೊಟ್ಟರೆನ್ನೋಣ. ಒಬ್ಬನು ಸೂರ್ಯನೆಂಬ ಹೆಸರಿನ ಮಗು ಆ ಹೊತ್ತಿನಲ್ಲಿ ಹುಟ್ಟಿತೆಂದು ಪೂರೈಸುವನು. ಇನ್ನೊಬ್ಬನು ನ್ಯೂಜಿಲೆಂಡಿನಲ್ಲಿರುವ ಮಗಳು ಬಸವನಗುಡಿಯ ತಾಯಿಯನ್ನು ದೂರವಾಣಿಯಲ್ಲಿ ಎಬ್ಬಿಸಿ ತನ್ನ ಊರಿನ ಮುಂಜಾವನ್ನು ವರ್ಣಿಸಿದಳೆನ್ನುವನು. ಮೂರನೆಯವನು ರಾತ್ರಿಯ ಯಕ್ಷಗಾನದ ರಂಗದಲ್ಲಿ ಸೂರ್ಯನ ವೇಷವು ಪ್ರವೇಶಿಸಿತೆನ್ನುವನು. ಅವಧಾನದಲ್ಲಿ ಇವುಗಳಲ್ಲೊಂದನ್ನು ಮಾತ್ರ ಕೇಳುತ್ತೇವೆ. ಸಾವಕಾಶರೂಪದಲ್ಲಿ ಎಲ್ಲವೂ ಒಂದರ ಪಕ್ಕದಲ್ಲೊಂದು ನಿಲ್ಲುತ್ತವೆ. ಬಳಿಕ ಬಂದವನು ಈ ಮೂರನ್ನೂ ಬಿಟ್ಟು ನಾಲ್ಕನೆಯ ದಾರಿಯನ್ನು ಹುಡುಕಬೇಕಾಗುತ್ತದೆ. ಹೀಗೆ ತಡವಾಗಿ ಬರುವುದೇ ರಚನೆಗೆ ಪ್ರೇರಣೆಯಾಗುವುದೂ ಉಂಟು.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ಸಭೆಯನ್ನೇ ಜಾಲದ ಮೂಲಕ ನೇರವಾಗಿ ಬಿತ್ತರಿಸುವುದಾದರೆ ಎರಡರ ಲಾಭವೂ ಒಟ್ಟಿಗೆ ಸಿಗದೇ? ೨೦೨೦ನೆಯ ಮಾರ್ಚ್ ೨೫ರಿಂದ ದೇಶವೆಲ್ಲ ಮನೆಯೊಳಗುಳಿದಾಗ ಉಪನ್ಯಾಸಗಳೂ ಕಾವ್ಯಗೋಷ್ಠಿಗಳೂ ತೆರೆಯ ಮೇಲಕ್ಕೆ ಬಂದವು. ಆಗ ಈ ಪರೀಕ್ಷೆಯೂ ನಡೆಯಿತು. ಧ್ವನಿಮುದ್ರಿಕೆಯು ಮರುದಿನ ದೊರೆಯುವುದೆಂದು ತಿಳಿದಿದ್ದರೂ ನಿಗದಿಯಾದ ಹೊತ್ತಿಗೆ ಬಂದು ಕೂಡುವವರಿದ್ದರು. ಹೀಗೆ ಬರುವವರನ್ನು ಸೆಳೆಯುವುವು ಎರಡು: ಇತರರೂ ಈಗಲೇ ಕೇಳುತ್ತಿರುವರೆಂಬ ಅರಿವು, ತಾನು ಕೇಳಿದ ಪ್ರಶ್ನೆಗೆ ಈಗಲೇ ಉತ್ತರವು ಬರಬಹುದೆಂಬ ಆಸೆ. ಮುದ್ರಿಕೆಯನ್ನು ಬಳಿಕ ನೋಡುವವನಿಗೆ ಈ ಎರಡೂ ಇಲ್ಲ. ಪದ್ಯವು ಪೂರ್ಣವಾಯಿತೆಂಬುದು ಅವನಿಗೆ ಮೊದಲೇ ಗೊತ್ತು. ಆದರೆ ಅವನು ನಿಲ್ಲಿಸಬಲ್ಲನು, ಮರಳಿ ಕೇಳಬಲ್ಲನು, ಗಣವಿಂಗಡಿಸಬಲ್ಲನು. ನೇರವಾಗಿ ನೋಡುವವನಿಗೆ ಕೌತುಕವು ಪ್ರಧಾನ. ಮುದ್ರಿಕೆಯನ್ನು ನೋಡುವವನಿಗೆ ಕಲಿಕೆಯು ಪ್ರಧಾನ. ಆದುದರಿಂದ ಬಿತ್ತರಿಕೆಯು ಸಭೆಯ ವಿಸ್ತಾರವೇ ಹೊರತು ಪದ್ಯಪಾನದಂತಹ ರಚನಾಗೋಷ್ಠಿಗೆ ಬದಲಾಗಲಾರದು. ಅದು ನೋಡುವವರನ್ನು ಹೆಚ್ಚಿಸಿತು, ಬರೆಯುವವರನ್ನು ಹೆಚ್ಚಿಸಲಿಲ್ಲ.

ಈ ಭೇದವನ್ನು ವಿಮರ್ಶಕನು ಮರೆಯಬಾರದು. ಅವಧಾನದಲ್ಲಿ ಹುಟ್ಟಿದ ಪದ್ಯವನ್ನು ಅಚ್ಚಿನಲ್ಲಿ ಓದಿ, ಇಲ್ಲಿ ವ್ಯರ್ಥಪದವಿದೆ, ಅಲ್ಲಿ ಭಾವವು ತೆಳುವಾಗಿದೆ ಎಂದು ದೂರುವುದು ಸರಿಯಲ್ಲ. ಅದರ ಅರ್ಧ ಸೌಂದರ್ಯವು ನಿಷೇಧಗಳೊಡನೆ ಸಭೆಯಲ್ಲಿಯೇ ಉಳಿದುಹೋಗಿದೆ. ಒಂದು ವಾರದ ಅವಕಾಶವನ್ನು ಪಡೆದು ರಚಿಸಿದ ಪದ್ಯವಾದರೋ ಆಶುತ್ವದ ರಿಯಾಯಿತಿಯನ್ನು ಕೇಳಲಾಗದು. ಅದನ್ನು ಉಳಿದ ಕಾವ್ಯದಂತೆಯೇ ಪದಪದವಾಗಿ ಪರೀಕ್ಷಿಸಬೇಕು. ಬಿಡುವಿನಿಂದ ಬರುವ ದೋಷಗಳೂ ಉಂಟು: ನಿಘಂಟನ್ನು ತಿರುವಿ ಹೆಕ್ಕಿದ ಅಪರೂಪದ ಶಬ್ದಗಳ ಒಟ್ಟಿಲು, ಅಲಂಕಾರದ ಮೇಲೆ ಅಲಂಕಾರ, ಉಸಿರಿನ ಲಯವನ್ನು ಮರೆತು ಮಾತ್ರೆಯ ಲೆಕ್ಕವನ್ನಷ್ಟೇ ಹಿಡಿದ ನಡಿಗೆ. ಇವು ಸಭೆಯ ಎದುರಿನಲ್ಲಿ ಬೇಗ ಬಯಲಾಗುತ್ತವೆ. ಬರಹದಲ್ಲಿ ಬಹುಕಾಲ ಅಡಗಿಯಿರಬಲ್ಲವು.

ಸಾವಕಾಶ ಸಂವಾದಕ್ಕೆ ಇನ್ನೊಂದು ಅಪಾಯವೂ ಇದೆ, ಅದು ಮೌನ. ಸಭೆಯಲ್ಲಿ ಯಾರೂ ಮಾತನಾಡದಿದ್ದರೂ ಮುಖಗಳಿರುತ್ತವೆ. ಬರೆದು ಕಳುಹಿಸಿದವನಿಗೆ ಉತ್ತರವು ಬಾರದಿದ್ದರೆ, ಓದಿದವರಿದ್ದಾರೋ ಇಲ್ಲವೋ ಎಂಬುದೇ ತಿಳಿಯದು. ಎರಡು ಮೂರು ಬಾರಿ ಹಾಗಾದರೆ ಅವನು ಬರೆಯುವುದನ್ನೇ ಬಿಡುವನು. ಆದಕಾರಣ ಇಂತಹ ಗೋಷ್ಠಿಗಳ ಆಯುಸ್ಸು ಅವುಗಳ ಯಂತ್ರಸೌಲಭ್ಯದಲ್ಲಿಲ್ಲ. ಹೊಸಬನ ಕುಂಟುಪದ್ಯವನ್ನು ತಾಳ್ಮೆಯಿಂದ ಓದಿ ಎರಡು ಸಾಲು ಬರೆಯುವ ನಾಲ್ಕಾರು ಮಂದಿ ಹಿರಿಯರಲ್ಲಿದೆ.

ಸದ್ಯಃಸಂವಾದವೇ ಸಜೀವ, ಸಾವಕಾಶ ಸಂವಾದವು ಅದರ ನೆರಳು ಎಂಬ ಸಾಮಾನ್ಯ ಅಭಿಪ್ರಾಯವನ್ನು ಈ ನಿದರ್ಶನವು ಸಮರ್ಥಿಸುವುದಿಲ್ಲ. ಸಭೆಯು ರಸಿಕರನ್ನು ಸಿದ್ಧಪಡಿಸುತ್ತದೆ. ಬಿಡುವಿನ ಗೋಷ್ಠಿಯು ರಚಕರನ್ನು ಸಿದ್ಧಪಡಿಸುತ್ತದೆ. ಅವಧಾನಕ್ಕೆ ಅವಧಾನಿಯಷ್ಟೇ ಪೃಚ್ಛಕರೂ ಬೇಕು. ಒಳ್ಳೆಯ ಸಮಸ್ಯೆಯನ್ನು ಒಡ್ಡಬಲ್ಲವನು ತಾನೂ ಪದ್ಯವನ್ನು ಕಟ್ಟಿ ಬಲ್ಲವನಾಗಿರಬೇಕು. ಮುಂದಿನ ಅಕ್ಷರವನ್ನು ಊಹಿಸಬಲ್ಲವನಿಗೆ ವೃತ್ತಗಳ ಗತಿ ಕರಗತವಾಗಿರಬೇಕು. ಅಂಥವರು ಶ್ರೋತೃಗಳ ಸಾಲಿನಲ್ಲಿ ಕುಳಿತಷ್ಟರಿಂದಲೇ ತಯಾರಾಗಲಾರರು. ಕಂದವೃತ್ತಗಳ ರಚನೆಯು ವಿದ್ಯಾಶಾಲೆಗಳಲ್ಲಿ ಪ್ರಸ್ತಾರ ಹಾಕಿ ಅಂಕ ಪಡೆಯುವ ವಿಷಯವಾಗಿ ಮಾತ್ರ ಉಳಿದಿರುವ ಈ ಕಾಲದಲ್ಲಿ, ಒಂದು ಅವಧಾನವನ್ನು ಏರ್ಪಡಿಸುವ ಸಂಸ್ಥೆಯು ಅದರ ಸಮಸ್ಯೆಯನ್ನು ಸಭೆ ಮುಗಿದ ಮೇಲೆ ಎಲ್ಲರಿಗೂ ತೆರೆದಿಟ್ಟು, ಒಂದು ತಿಂಗಳ ಕಾಲ ಬಂದ ಪೂರಣಗಳನ್ನು ಬಲ್ಲವರಿಂದ ತಿದ್ದಿಸಿ ಪ್ರಕಟಿಸುವ ಪದ್ಧತಿಯನ್ನು ಇಟ್ಟುಕೊಳ್ಳುವುದು ಉಚಿತ. ಅದಕ್ಕೆ ಹೆಚ್ಚಿನ ದ್ರವ್ಯವು ಬೇಕಾಗಿಲ್ಲ. ಉತ್ತರಿಸುವವರ ಶ್ರದ್ಧೆಯೊಂದಿದ್ದರೆ ಸಾಕು.