ಅಮಲನ ಕಿಟಕಿ, ನಮ್ಮೂರ ಜಗಲಿ

ಶಾಲೆಯ ನಾಟಕಕ್ಕೆ ಯಾರೂ ವಿಮರ್ಶೆ ಬರೆಯುವುದಿಲ್ಲ. ರಾಜನ ಮೀಸೆ ಕಳಚಿ ಬಿದ್ದರೂ, ಮಂತ್ರಿ ಮಾತು ಮರೆತರೂ ಚಪ್ಪಾಳೆ ಬೀಳುತ್ತದೆ. ಕೊರೊನಾ ಕಾಲದಲ್ಲಿ ಈ ರಿಯಾಯಿತಿ ಇನ್ನಷ್ಟು ಹಿಗ್ಗಿತು. ಮಕ್ಕಳು ತಂತಮ್ಮ ಮನೆಯ ಗೋಡೆಗೆ ಬೆನ್ನು ಕೊಟ್ಟು ಹೇಳಿದ ಮಾತುಗಳನ್ನು ಮೊಬೈಲಿನಲ್ಲಿ ಹಿಡಿದು, ಒಂದಕ್ಕೊಂದು ಅಂಟಿಸಿ, ವಾಟ್ಸಾಪಿನಲ್ಲಿ ಹಂಚಿದ್ದನ್ನೂ ನಾಟಕವೆಂದೇ ಕರೆದೆವು. ಏನೇ ಬಂದರೂ ಪ್ರದರ್ಶನ ನಿಲ್ಲಲಿಲ್ಲವಲ್ಲ ಎಂದು ಬೀಗಿದೆವು. ಆ ಮೆಚ್ಚುಗೆಯನ್ನು ಈಗಲಾದರೂ ಒರೆಗೆ ಹಚ್ಚಬೇಕು. ಅದಕ್ಕೆ ನನಗೆ ಸಿಕ್ಕಿದ ಒರೆಗಲ್ಲು ರವೀಂದ್ರನಾಥ ಟಾಗೋರರ ‘ಡಾಕ್‌ಘರ್’.

ಮೊದಲು ನಮ್ಮ ಸೀಮೆಯ ಮಾತು. 2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಹಬ್ಬಿ, ಪಟ್ಟಣದ ಹೆಸರು ದಿನವೂ ಸುದ್ದಿಯಲ್ಲಿ ಬಂತು. ಆ ವರ್ಷ ನಂಜುಂಡೇಶ್ವರನ ದೊಡ್ಡ ಜಾತ್ರೆ ನಡೆಯಲಿಲ್ಲ. ಆಗಸ್ಟಿನಲ್ಲಿ ‘ವಿದ್ಯಾಗಮ’ ಬಂತು. ಮೇಷ್ಟ್ರುಗಳು ದೇವಸ್ಥಾನದ ಜಗಲಿಯಲ್ಲಿ, ಮರದ ನೆರಳಲ್ಲಿ ಪಾಠ ಮಾಡಿದರು. ಅಕ್ಟೋಬರಿನಲ್ಲಿ ಅದೂ ನಿಂತಿತು. ಒಂದರಿಂದ ಐದನೇ ತರಗತಿಯ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ರಂದು.

ಹೆಮ್ಮಿಗೆಯಂಥ ಊರುಗಳಿರುವ ಈ ಸೀಮೆಯಲ್ಲಿ ನಾಟಕವೆಂದರೆ ಒಂದು ರಾತ್ರಿಯ ಪ್ರದರ್ಶನ ಮಾತ್ರವಲ್ಲ. ‘ಕುರುಕ್ಷೇತ್ರ’ ಆಡಬೇಕೆಂದರೆ ಹಾರ್ಮೋನಿಯಂ ಮೇಷ್ಟ್ರು ಬರಬೇಕು, ಹೊಲದ ಕೆಲಸ ಮುಗಿಸಿ ಬಂದವರು ರಾತ್ರಿಗಳಗಟ್ಟಲೆ ತಾಲೀಮು ಮಾಡಬೇಕು. ಜಗಲಿಯಲ್ಲಿ ಕೂತ ಮಕ್ಕಳಿಗೆ ದುರ್ಯೋಧನನ ಪಾತ್ರಧಾರಿಗಿಂತ ಮೊದಲೇ ದುರ್ಯೋಧನನ ಮಾತು ಬಾಯಿಗೆ ಬಂದಿರುತ್ತದೆ. ಶಾಲೆಯ ನಾಟಕವೂ ಇದೇ ಮನೆತನದ ಕೂಸು. ಒಬ್ಬ ಮರೆತಾಗ ಇನ್ನೊಬ್ಬ ಪಿಸುಗುಟ್ಟುವುದು, ಪಾತ್ರ ಸಿಗದವನು ಪರದೆ ಎಳೆಯುವುದು, ಇವೆಲ್ಲ ಅದರ ಜೀವ. ಮೊಬೈಲಿನ ನಾಟಕದಲ್ಲಿ ಉಳಿದದ್ದು ಫಲ, ಕಳೆದುಹೋದದ್ದು ತಾಲೀಮು. ಫೋನಿಲ್ಲದ ಮನೆಯ ಮಗುವಿಗಂತೂ ಪರದೆ ಎಳೆಯುವ ಕೆಲಸವೂ ಇರಲಿಲ್ಲ.

ಈಗ ‘ಡಾಕ್‌ಘರ್’. 1912ರಲ್ಲಿ ಪ್ರಕಟವಾದ ಈ ನಾಟಕದ ಅಮಲ್ ಕಾಯಿಲೆಯ ಹುಡುಗ. ಶರತ್ಕಾಲದ ಗಾಳಿ ಬಿಸಿಲು ತಾಕಕೂಡದೆಂದು ವೈದ್ಯರು ಅವನನ್ನು ಮನೆಯೊಳಗೆ ಕೂರಿಸಿದ್ದಾರೆ. ಅವನಿಗಿರುವುದು ಒಂದು ಕಿಟಕಿ. ಮೊಸರು ಮಾರುವವನು, ಕಾವಲುಗಾರ, ಹೂವಿನ ಹುಡುಗಿ ಸುಧಾ, ಆಡಲು ಹೊರಟ ಹುಡುಗರು ಒಬ್ಬೊಬ್ಬರಾಗಿ ದಾರಿಯಲ್ಲಿ ಬರುತ್ತಾರೆ. ಇಡೀ ನಾಟಕ ದೂರವನ್ನೇ ನಂಬಿ ಕಟ್ಟಿದ್ದು. ದಾರಿಹೋಕರು ಹೊಸಿಲು ದಾಟಿ ಬರಬೇಕಿಲ್ಲ. ಮಾತು ಮುಟ್ಟಿದರೆ ಸಾಕು. ಅಂತರ ಕಾಯಬೇಕಾದ ಕಾಲಕ್ಕೆ, ಮಕ್ಕಳ ಕೈಗೆ ಇದಕ್ಕಿಂತ ಹೊಂದುವ ನಾಟಕ ಸಿಗಲಾರದು.

ಆದರೆ ಈ ಕಿಟಕಿ ಮೊಬೈಲಿನ ಕಿಟಕಿಯಂಥದ್ದಲ್ಲ. ಇಲ್ಲಿ ನೋಡಿಸಿಕೊಂಡವನೂ ಬದಲಾಗುತ್ತಾನೆ. ಮಾರಾಟ ಕೆಡುತ್ತದೆಂದು ಗೊಣಗುತ್ತಾ ನಿಂತ ಮೊಸರಿನವನು, ಮೊಸರು ಮಾರುವುದರಲ್ಲೂ ಸಂತೋಷವಿದೆ ಎಂಬುದನ್ನು ಈ ಹುಡುಗನಿಂದ ಕಲಿತು ಹೋಗುತ್ತಾನೆ. ಅಮಲ್ ಪ್ರೇಕ್ಷಕನೂ ಹೌದು, ನಟನೂ ಹೌದು. ಕಳಿಸಿದ ವೀಡಿಯೊಗೆ ಬರುವ ಹೆಬ್ಬೆಟ್ಟಿನ ಗುರುತು ಯಾರನ್ನೂ ಹೀಗೆ ಬದಲಿಸುವುದಿಲ್ಲ.

ಈ ನಾಟಕದ ಅತ್ಯಂತ ಪ್ರಸಿದ್ಧ ಶಾಲಾ ಪ್ರದರ್ಶನ ನಡೆದದ್ದು 1942ರ ಜುಲೈ 18ರಂದು, ನಾಜಿಗಳು ಗೋಡೆ ಕಟ್ಟಿ ಕೂಡಿಹಾಕಿದ್ದ ವಾರ್ಸಾದ ಯಹೂದಿ ಕೇರಿಯಲ್ಲಿ. ವೈದ್ಯ, ಲೇಖಕ ಯಾನುಷ್ ಕೋರ್ಚಾಕ್ ನಡೆಸುತ್ತಿದ್ದ ಅನಾಥಾಲಯದ ಮಕ್ಕಳು ಆಡಿದರು. ಮೂರು ವಾರ ಕಳೆಯುವುದರೊಳಗೆ ಆ ಮಕ್ಕಳನ್ನೂ ಕೋರ್ಚಾಕರನ್ನೂ ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಸಾಗಿಸಲಾಯಿತು. ನಮ್ಮ ಲಾಕ್‌ಡೌನನ್ನು ಅದರ ಪಕ್ಕ ಇಟ್ಟು ತೂಗುವುದು ತಪ್ಪು. ಕಲಿಯಬೇಕಾದದ್ದು ಬೇರೆಯೇ ಇದೆ. ಹಸಿವು, ರೋಗಗಳ ನಡುವೆಯೂ ಆ ಮಕ್ಕಳು ಒಂದೆಡೆ ಕೂಡಿ ಮಾತು ಕಲಿತು, ಒಬ್ಬರಿಗೊಬ್ಬರು ಉತ್ತರ ಕೊಟ್ಟು ಆಡಿದರು. ಆ ನಾಟಕ ಹೊರಗಿನವರ ಮೆಚ್ಚುಗೆಗಾಗಿ ಇರಲಿಲ್ಲ. ಮೊದಲು ಅದು ಆಡಿದವರದ್ದಾಗಿತ್ತು.

ಹಾಗಾಗಿ ಕೊರೊನಾ ಕಾಲದ ಶಾಲಾ ನಾಟಕಗಳನ್ನು ಅಳೆಯುವಾಗ ವೀಡಿಯೊ ಎಷ್ಟು ಚೆಂದ ಬಂತು, ಎಷ್ಟು ಜನ ನೋಡಿದರು ಎಂಬ ಲೆಕ್ಕ ಬಿಡೋಣ. ಮಗುವಿನ ಮಾತಿಗೆ ಇನ್ನೊಂದು ಮಗು ಉತ್ತರ ಕೊಟ್ಟಿತೇ? ಹೊರಗುಳಿದವರು ಯಾರು? ಈ ಎರಡು ಪ್ರಶ್ನೆ ಸಾಕು. ಮೇಷ್ಟ್ರು ಜಗಲಿಯಲ್ಲಿ ಆರೆಂಟು ಮಕ್ಕಳನ್ನು ದೂರದೂರ ಕೂರಿಸಿ ಒಂದು ಕಥೆಯನ್ನು ಮಾತುಮಾತಾಗಿ ಹಂಚಿ ಆಡಿಸಿದ್ದರೆ, ಬಣ್ಣ ದೀಪ ಇಲ್ಲದಿದ್ದರೂ ನಾನು ಅದನ್ನೇ ನಾಟಕ ಎನ್ನುತ್ತೇನೆ. ಜಾಣತನದಿಂದ ಅಂಟಿಸಿದ ವೀಡಿಯೊ ಒಳ್ಳೆಯ ನೆನಪಿನ ಆಲ್ಬಂ.

ಸಮುದಾಯ ಗಟ್ಟಿಯಾಗಿತ್ತು, ಎಲ್ಲವನ್ನೂ ತಾಳಿಕೊಂಡಿತು ಎಂದು ಹೊಗಳುವುದು ಸುಲಭ. ‘ಡಾಕ್‌ಘರ್’ ಮುಗಿಯುವಾಗ ಸುಧಾ ಹೂ ಹಿಡಿದು ಬರುತ್ತಾಳೆ. ತಾನು ಮರೆತಿಲ್ಲವೆಂದು ಅಮಲನ ಕಿವಿಯಲ್ಲಿ ಹೇಳಿರೆಂದು ಕೇಳಿಕೊಳ್ಳುತ್ತಾಳೆ. ಶಾಲೆ ತೆರೆದ ದಿನ ಬಾರದೆ ಉಳಿದ ಮಕ್ಕಳನ್ನು ಹುಡುಕಿಕೊಂಡು ಅವರ ಮನೆಬಾಗಿಲಿಗೆ ಹೋದ ಮೇಷ್ಟ್ರುಗಳು ಸುಧಾಳ ಪಾತ್ರವನ್ನೇ ಮಾಡಿದರು. ಅವರಿಗೆ ಚಪ್ಪಾಳೆ ಹೊಡೆಯಲು ಅಲ್ಲಿ ಯಾರೂ ಇರಲಿಲ್ಲ.