ಸ್ವರ ಬಿದ್ದ ಮೂರು ವಾರ

ನವಿ ಮುಂಬಯಿಯ ನೆರೂಳ ಸ್ಟೇಷನ್ನಿನ ಎದುರಿನ ಬೀಡಾ ಅಂಗಡಿಯಲ್ಲಿ ನನ್ನ ಸೋದರಮಾವ ದಿನಕ್ಕೆ ಆರೇಳು ಸಲ ಒಂದೊಂದೇ ಸಿಗರೇಟು ಕೊಳ್ಳುತ್ತಿದ್ದರು. ಅದು 2017. ಸಿಗರೇಟು ಪೊಟ್ಟಣದ ಶೇ. 85ರಷ್ಟು ಜಾಗವನ್ನು ಎಚ್ಚರಿಕೆಯ ಚಿತ್ರಕ್ಕೆ ಬಿಡಬೇಕೆಂಬ ನಿಯಮ 2016ರ ಏಪ್ರಿಲ್ 1ರಿಂದ ಜಾರಿಯಲ್ಲಿತ್ತು. ಆಗಿನ ಚಿತ್ರ ಗಂಟಲ ಕ್ಯಾನ್ಸರಿನದೇ. ಕತ್ತಿನ ಮೇಲೆ ಒಡೆದು ಹೊರಗೆ ಬಂದ ಗಡ್ಡೆ, ಕೆಳಗೆ ಧೂಮಪಾನದಿಂದ ಗಂಟಲ ಕ್ಯಾನ್ಸರ್ ಬರುತ್ತದೆ ಎಂಬ ಒಕ್ಕಣೆ. ಆ ಚಿತ್ರವನ್ನು ಮಾವ ನೋಡಿಯೇ ಇರಲಿಲ್ಲ. ಬಿಡಿ ಸಿಗರೇಟು ಕೊಳ್ಳುವವರ ಕೈಗೆ ಪೊಟ್ಟಣ ಬರುವುದಿಲ್ಲ. ಅದು ಅಂಗಡಿಯವನ ಗಲ್ಲೆಯ ಪಕ್ಕದಲ್ಲೇ ಉಳಿಯುತ್ತದೆ. ಮಹಾರಾಷ್ಟ್ರದಲ್ಲಿ ಬಿಡಿ ಮಾರಾಟ ನಿಷೇಧವಾದದ್ದು 2020ರ ಸೆಪ್ಟೆಂಬರಿನಲ್ಲಿ.

ಇಷ್ಟೇ ಆಗಿದ್ದರೆ ದೋಷ ಮಾರಾಟದ ಕ್ರಮದ್ದು ಎಂದು ಸುಮ್ಮನಾಗಬಹುದಿತ್ತು. ಆದರೆ ಮಾವನ ಕಾಯಿಲೆಯ ನಂತರ ನಾನು ಆ ಚಿತ್ರವನ್ನೂ, ಸಿನೆಮಾ ಶುರುವಾಗುವ ಮೊದಲು ಬರುವ ತಂಬಾಕು ವಿರೋಧಿ ತುಣುಕುಗಳನ್ನೂ ಮತ್ತೆ ಮತ್ತೆ ನೋಡಿದೆ. ಕಲಿಸಬೇಕೆಂದು ಮಾಡಿದ ಕೃತಿಗಳು ಇವು. ಕೋಟ್ಯಂತರ ಜನ ನೋಡುವ ಇಂಥ ಕೃತಿ ನಮ್ಮಲ್ಲಿ ಬೇರೊಂದಿಲ್ಲ. ಒಂದು ಪುಸ್ತಕವನ್ನು ಪ್ರಶ್ನಿಸುವ ಹಾಗೆ ಇವುಗಳನ್ನೂ ಪ್ರಶ್ನಿಸಬೇಕು: ನೋಡಿದವನಿಗೆ ಇವು ಏನನ್ನು ತಿಳಿಸುತ್ತವೆ, ಏನನ್ನು ಹೇಳದೆ ಬಿಡುತ್ತವೆ?

ಪೊಟ್ಟಣದ ಚಿತ್ರ ಕಾಯಿಲೆಯ ಕೊನೆಯ ಪುಟ. ಗಡ್ಡೆ ಕತ್ತಿನ ಚರ್ಮವನ್ನು ಒಡೆದು ಬರುವ ಹೊತ್ತಿಗೆ ವೈದ್ಯರ ಕೈಯಲ್ಲಿ ಉಳಿದಿರುವುದು ಸ್ವಲ್ಪವೇ. ಅದನ್ನು ನೋಡಿದವನು ತನ್ನ ಕತ್ತನ್ನು ಸವರಿಕೊಳ್ಳುತ್ತಾನೆ, ಅಲ್ಲಿ ಏನೂ ಇಲ್ಲ, ನಿಶ್ಚಿಂತನಾಗುತ್ತಾನೆ. ಗಂಟಲ ಕ್ಯಾನ್ಸರ್ ಅಂದರೆ ಹೀಗೆ ಕಾಣುತ್ತದೆ ಎಂದು ಕಲಿತವನು, ಹೀಗೆ ಕಾಣುವವರೆಗೂ ಅದನ್ನು ಗುರುತಿಸುವುದಿಲ್ಲ. ಹೆದರಿಸಲು ಮಾಡಿದ ಚಿತ್ರ ಇಲ್ಲಿ ಸುಳ್ಳು ಸಮಾಧಾನ ಕೊಡುತ್ತದೆ.

ಸಿನೆಮಾದ ತುಣುಕುಗಳಲ್ಲಿ ಮುಕೇಶ್ ಹರಾಣೆಯದು ಎಲ್ಲರಿಗೂ ನೆನಪಿದೆ. ಜಳಗಾಂವ್ ಜಿಲ್ಲೆಯ ಭುಸಾವಳದ ಆ ಹುಡುಗ 2009ರಲ್ಲಿ, 24ನೆಯ ವಯಸ್ಸಿನಲ್ಲಿ ಬಾಯಿ ಕ್ಯಾನ್ಸರಿನಿಂದ ತೀರಿಕೊಂಡ. ಆಪರೇಷನ್ ಆದ ಮೇಲೆ ತಾನು ಮಾತನಾಡಲಾಗದೆ ಹೋಗಬಹುದು ಎಂದು ಅವನು ಹೇಳುವ ಮಾತು ಎದೆಗೆ ನಾಟುತ್ತದೆ. ಅದು ಪ್ರಾಮಾಣಿಕ ಕೆಲಸ. ನಟರಿಲ್ಲ, ಕಟ್ಟಿದ ಕಥೆಯಿಲ್ಲ. ಒಬ್ಬ ಹುಡುಗ ತನ್ನ ಉಳಿದ ದನಿಯನ್ನು ನಮಗೆ ಕೊಟ್ಟು ಹೋಗಿದ್ದಾನೆ. ಆದರೂ ಅದರಲ್ಲೂ ನಮಗೆ ಸಿಗುವುದು ಕೊನೆಯೇ. ಅವನ ಬಾಯಲ್ಲಿ ಮೊದಲು ಕಾಣಿಸಿದ್ದು ಏನು, ಎಷ್ಟು ದಿನ ಇತ್ತು, ಯಾರಿಗೆ ತೋರಿಸಬೇಕಿತ್ತು? ಅರ್ಧ ನಿಮಿಷದಲ್ಲಿ ಇದೊಂದನ್ನು ಸೇರಿಸಲು ಜಾಗ ಇತ್ತು.

ಮಾವನ ಕಥೆ ಶುರುವಾದದ್ದು ದನಿಯಿಂದ. ಅವರು ಹೋಟೆಲಿನ ಗಲ್ಲೆಯಲ್ಲಿ ಕೂತವರು. ಮೂವತ್ತು ವರ್ಷದಿಂದ ಅಡುಗೆಮನೆಗೆ ಕೇಳುವ ಹಾಗೆ "ದೋ ಮಸಾಲಾ, ಏಕ್ ಉತ್ತಪ್ಪ" ಎಂದು ಕೂಗಿದ ಗಂಟಲು. ಶನಿವಾರ ರಾತ್ರಿ ಯಕ್ಷಗಾನ ಇದ್ದರೆ ಭಾಗವತರ ಪಕ್ಕ ಕೂತು ತಾವೂ ಪದ ಹೇಳುವವರು. ಆ ಜೂನಿನಲ್ಲಿ ಮಳೆ ಹಿಡಿದ ಮೇಲೆ ಅವರ ದನಿ ಒಡೆಯಿತು. ಮನೆಯಲ್ಲಿ ಎಲ್ಲರಿಗೂ ಒಂದೊಂದು ಕಾರಣ ಸಿಕ್ಕಿತು: ಮಳೆಯ ಶೀತ, ಒಗ್ಗರಣೆಯ ಘಾಟು, ಎಸಿ. ಕಲ್ಲುಸಕ್ಕರೆ, ಕರಿಮೆಣಸಿನ ಕಷಾಯ, ಜೇಷ್ಠಮಧು, ಉಪ್ಪುನೀರು ಎಲ್ಲ ಆಯಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ಟಾರ್ಚು ಹಿಡಿದು ಬಾಯಿ ನೋಡಿ, ಗಂಟಲು ಸ್ವಲ್ಪ ಕೆಂಪಾಗಿದೆ ಎಂದು ಆ್ಯಂಟಿಬಯೋಟಿಕ್ ಬರೆದರು. ಹದಿನೈದು ದಿನ ಕಳೆದು ಮತ್ತೊಂದು. ಆಗಸ್ಟಿನಲ್ಲಿ ಮೂರನೆಯದು.

ಟಾರ್ಚಿನ ಬೆಳಕು ತಲುಪುವುದು ಕಿರುನಾಲಗೆಯ ಹಿಂದಿನ ಗೋಡೆಯವರೆಗೆ. ಧ್ವನಿಪೆಟ್ಟಿಗೆ ಇರುವುದು ಅದರ ಕೆಳಗೆ, ತಿರುವಿನ ಆಚೆ. ಬಾಯಿ ಎಷ್ಟೇ ಅಗಲ ತೆರೆದರೂ ಧ್ವನಿತಂತುಗಳು ಕಾಣುವುದಿಲ್ಲ. ಇಲ್ಲಿ ನಮ್ಮ ಭಾಷೆಯೂ ನಮ್ಮನ್ನು ತಪ್ಪುದಾರಿಗೆ ಎಳೆಯಿತು ಎಂದು ನನಗನ್ನಿಸುತ್ತದೆ. ಗಂಟಲು ಕೆಟ್ಟಿದೆ, ಗಂಟಲು ಕಟ್ಟಿದೆ, ಗಂಟಲು ಕೂತಿದೆ, ಗಂಟಲು ನೋವು: ನುಂಗುವ ದಾರಿ, ಉಸಿರಿನ ದಾರಿ, ದನಿ ಹುಟ್ಟುವ ಜಾಗ ಮೂರಕ್ಕೂ ಒಂದೇ ಪದ. ಮಾವ ಕ್ಲಿನಿಕ್ಕಿನಲ್ಲಿ ಹೇಳಿದ್ದು "ಗಂಟಲು ಸರಿಯಿಲ್ಲ" ಎಂದು. "ಸ್ವರ ಬಿದ್ದು ಎರಡು ತಿಂಗಳಾಯಿತು" ಎಂದಿದ್ದರೆ ಆ ವೈದ್ಯರೂ ಬೇರೆ ರೀತಿ ಯೋಚಿಸುತ್ತಿದ್ದರೇನೋ.

ಕಣ್ಣು ತೆರೆಸಿದ್ದು ಊರಿನ ಫೋನು. ಚೌತಿಯ ಮರುದಿನ ಕುಂದಾಪುರದಿಂದ ಅಮ್ಮ ತನ್ನ ತಮ್ಮನಿಗೆ ಕರೆ ಮಾಡಿದಳು. ಮಾವ "ಅಕ್ಕಾ" ಅಂದರು. ಆ ಕಡೆಯಿಂದ ಅಮ್ಮ, "ಯಾರದ್? ತಮ್ಮನ್ ಹತ್ರ ಕೊಡಿ ಕಾಂಬ" ಅಂದಳು. ಮಾವ ಫೋನು ಕಿವಿಯಿಂದ ತೆಗೆದು ಸುಮ್ಮನೆ ನೋಡುತ್ತಾ ಕೂತರು. ದಿನವೂ ಜೊತೆಯಲ್ಲಿದ್ದ ನಮಗೆ ದನಿ ಇಳಿದದ್ದು ಅಭ್ಯಾಸವಾಗಿಬಿಟ್ಟಿತ್ತು.

ಕಿವಿ-ಮೂಗು-ಗಂಟಲಿನ ತಜ್ಞರ ಬಳಿ ಹತ್ತು ನಿಮಿಷದ ಕೆಲಸವಾಯಿತು. ಮೂಗಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿದರು. ಗಂಟಲಿಗೆಲ್ಲ ಕಹಿ ಇಳಿಯಿತು ಎಂದು ಮಾವ ಮುಖ ಹಿಂಡಿದರು. ಶ್ಯಾವಿಗೆಗಿಂತ ತುಸು ದಪ್ಪದ, ತುದಿಯಲ್ಲಿ ಕ್ಯಾಮೆರಾ ಇರುವ ಬಳ್ಳಿಯಂಥ ನಳಿಕೆ ಮೂಗಿನಿಂದ ಕೆಳಗಿಳಿಯಿತು. ಪರದೆಯ ಮೇಲೆ ಎರಡು ಬಿಳಿಯ ಪಟ್ಟಿಗಳು, ಕವೆಕೋಲಿನ ಹಾಗೆ ಒಂದು ತುದಿಯಲ್ಲಿ ಕೂಡಿ ಇನ್ನೊಂದು ತುದಿಯಲ್ಲಿ ಅಗಲವಾಗಿ. "ಈ ಅನ್ನಿ" ಎಂದರು ವೈದ್ಯರು. ಮಾವ "ಈ..." ಎಂದ ಕೂಡಲೇ ಪಟ್ಟಿಗಳು ಹತ್ತಿರ ಬಂದವು. ಎಡದ್ದು ನಯವಾಗಿ ಹೊಳೆಯುತ್ತಿತ್ತು. ಬಲಗಡೆಯ ತಂತುವಿನ ನಡುವೆ ಅಕ್ಕಿಕಾಳಿನಷ್ಟು ಜಾಗ ಒರಟಾಗಿ, ಒಣಗಿದ ಕೆನೆ ಅಂಟಿದ ಹಾಗೆ ಉಬ್ಬಿತ್ತು. ಅದು ಅಡ್ಡ ನಿಂತದ್ದರಿಂದ ಎರಡೂ ಪೂರ್ತಿ ಕೂಡಲಿಲ್ಲ. ಸಂದಿಯಲ್ಲಿ ಗಾಳಿ ಸೋರುತ್ತಿತ್ತು. ಮೂರು ತಿಂಗಳಿಂದ ನಾವು ಕೇಳುತ್ತಿದ್ದ ಆ ಒಡಕು ದನಿ ಆ ಸಂದಿಯದ್ದು.

"ತಂತು ಚೆನ್ನಾಗಿ ಅಲ್ಲಾಡುತ್ತಿದೆ, ಅದು ಒಳ್ಳೆಯ ಸಂಗತಿ" ಎಂದರು ವೈದ್ಯರು. ಆ ಮಾತಿನ ತೂಕ ಆಮೇಲೆ ತಿಳಿಯಿತು. ಗಡ್ಡೆ ಧ್ವನಿತಂತುವಿನಲ್ಲೇ ಇದ್ದು ತಂತು ಸಲೀಸಾಗಿ ಅಲ್ಲಾಡುತ್ತಿದ್ದರೆ ಅದು ಮೊದಲ ಹಂತ. ತಂತು ಸೆಟೆದು ನಿಂತಿದ್ದರೆ ಮೂರನೆಯದು. ಮೃದ್ವಸ್ಥಿಯನ್ನು ತೂರಿ ಹೊರಬಿದ್ದಿದ್ದರೆ ನಾಲ್ಕನೆಯದು. ಧ್ವನಿತಂತುವಿನಲ್ಲಿ ದುಗ್ಧನಾಳಗಳು ತೀರ ಕಡಿಮೆ, ಹಾಗಾಗಿ ಅಲ್ಲಿ ಹುಟ್ಟಿದ ಕ್ಯಾನ್ಸರ್ ಕತ್ತಿನ ಗ್ರಂಥಿಗಳಿಗೆ ಹರಡಲು ತಡವಾಗುತ್ತದೆ. ಇನ್ನೊಂದೆಡೆ ಒಂದು ಕಾಳಿನಷ್ಟು ಬೆಳೆದರೂ ದನಿ ಕೆಡುತ್ತದೆ. ದೇಹ ಇಷ್ಟು ಬೇಗ, ಇಷ್ಟು ಗಟ್ಟಿಯಾಗಿ ಹೇಳಿಬಿಡುವ ಕ್ಯಾನ್ಸರುಗಳು ಕಡಿಮೆ. ಈ ಹಂತದಲ್ಲಿ ಬರೀ ವಿಕಿರಣದಿಂದಲೋ ಲೇಸರಿನಿಂದಲೋ ಹತ್ತರಲ್ಲಿ ಒಂಬತ್ತು ಜನ ಗುಣವಾಗುತ್ತಾರೆ, ದನಿಯೂ ಉಳಿಯುತ್ತದೆ. ಮೂರು ವಾರ ದಾಟಿದರೂ ದನಿ ಸರಿಹೋಗದಿದ್ದರೆ ಒಳಗೆ ನೋಡಿಸಬೇಕು ಎಂಬ ಒಂದು ಸಾಲನ್ನು ಪೊಟ್ಟಣದ ಮೇಲೆ ಯಾಕೆ ಹಾಕಲಿಲ್ಲ ಎಂದು ನಾನು ಅಂದಿನಿಂದ ಕೇಳುತ್ತಲೇ ಇದ್ದೇನೆ.

ಎಲ್ಲ ಗಂಟಲ ಕ್ಯಾನ್ಸರೂ ಹೀಗೆ ದನಿಯಿಂದ ಶುರುವಾಗುವುದಿಲ್ಲ, ನಿಜ. ಧ್ವನಿತಂತುವಿನ ಮೇಲ್ಭಾಗದಲ್ಲೋ, ಪಕ್ಕದಲ್ಲಿ ಅನ್ನನಾಳದ ಬಾಯಿಯ ಹತ್ತಿರದ ಕುಳಿಗಳಲ್ಲೋ ಹುಟ್ಟುವುದು ಹೆಚ್ಚು ಗುಟ್ಟಿನದು. ನುಂಗುವಾಗ ಒಂದೇ ಕಡೆ ಚುಚ್ಚುವುದು, ಏನೋ ಸಿಕ್ಕಿಕೊಂಡ ಹಾಗಾಗುವುದು, ಉಗುಳಿನಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಕತ್ತಿನಲ್ಲಿ ನೋವಿಲ್ಲದ ಗಂಟು. ಎಲ್ಲಕ್ಕಿಂತ ಮೋಸ ಮಾಡುವುದು ಕಿವಿನೋವು. ಕಿವಿ ನೋಡಿದರೆ ಸರಿಯಾಗಿಯೇ ಇರುತ್ತದೆ. ಗಂಟಲಿಗೂ ಕಿವಿಗೂ ಹೋಗುವ ನರ ಒಂದೇ ಆದ್ದರಿಂದ ಕೆಳಗಿನ ನೋವು ಮೇಲೆ ಕೇಳಿಸುತ್ತದೆ. ಜನ ಕಿವಿಗೆ ಎಣ್ಣೆ ಬಿಟ್ಟುಕೊಂಡು ತಿಂಗಳು ಕಳೆಯುತ್ತಾರೆ. ಉಸಿರಾಡುವಾಗ ಸೀಟಿಯ ಸದ್ದು ಕೇಳಿದರಂತೂ ಕಾಯುವಂತೆಯೇ ಇಲ್ಲ, ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು.

ಒಡೆದ ದನಿಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ ಎಂಬುದನ್ನೂ ಹೇಳಲೇಬೇಕು. ವೈರಸ್ಸಿನ ಊತ, ಹುಳಿತೇಗು, ಕೂಗಿ ಕೂಗಿ ತಂತುವಿನಲ್ಲಿ ಎದ್ದ ಗಂಟು, ಥೈರಾಯ್ಡ್, ಮುಂಬಯಿಯಂಥ ಕಡೆ ಧ್ವನಿಪೆಟ್ಟಿಗೆಯ ಕ್ಷಯ, ಇವೆಲ್ಲ ದನಿಯನ್ನು ಕೆಡಿಸುತ್ತವೆ. ಅದಕ್ಕೇ ನೋಡಬೇಕು, ಚೂರು ತೆಗೆದು ಪರೀಕ್ಷಿಸಬೇಕು. ಚುಚ್ಚಿದರೆ ಹರಡುತ್ತದೆ ಎಂದು ನಮ್ಮಲ್ಲೂ ಇಬ್ಬರು ಹಿರಿಯರು ಬಯಾಪ್ಸಿಗೆ ಅಡ್ಡ ಬಂದರು. ಹರಡುವುದಿಲ್ಲ. ಬಯಾಪ್ಸಿ ಇಲ್ಲದೆ ಯಾವ ಒಳ್ಳೆಯ ಆಸ್ಪತ್ರೆಯೂ ಚಿಕಿತ್ಸೆ ಶುರುಮಾಡುವುದಿಲ್ಲ.

ತಡವಾಗುವುದು ಬಡವರ, ತಿಳಿಯದವರ ಪಾಡು ಮಾತ್ರ ಎಂದುಕೊಳ್ಳಬಾರದು. ಶ್ರೀ ರಾಮಕೃಷ್ಣ ಪರಮಹಂಸರ ಗಂಟಲು ನೋವು ಕಾಣಿಸಿದ್ದು 1885ರ ಬೇಸಗೆಯಲ್ಲಿ. ಮೊದಲಿಗೆ ಅದನ್ನು ಉಪದೇಶ ಮಾಡುವವರಿಗೆ ಬರುವ ಗಂಟಲುಬೇನೆ ಎಂದೇ ತಿಳಿದರು. 1886ರ ಆಗಸ್ಟ್ 16ರಂದು ಅವರು ಕಾಶೀಪುರದಲ್ಲಿ ದೇಹ ಬಿಟ್ಟರು. ಮರುವರ್ಷದ ಆರಂಭದಲ್ಲಿ ಜರ್ಮನಿಯ ಯುವರಾಜ ಫ್ರೆಡ್ರಿಕನ ದನಿ ಒಡೆಯಿತು. ಲಂಡನ್ನಿನಿಂದ ಬಂದ ವೈದ್ಯ ಮೊರೆಲ್ ಮೆಕೆಂಜಿ ತೆಗೆದ ಚೂರುಗಳನ್ನು ಆ ಕಾಲದ ಮಹಾ ರೋಗಶಾಸ್ತ್ರಜ್ಞ ವಿರ್ಚೋ ನೋಡಿ ಕ್ಯಾನ್ಸರ್ ಕಾಣುತ್ತಿಲ್ಲ ಎಂದ. ಚೂರು ಸರಿಯಾದ ಜಾಗದಿಂದ ಬಂದಿತ್ತೇ ಎಂಬ ವಾದ ಇನ್ನೂ ಮುಗಿದಿಲ್ಲ. 1888ರ ಫೆಬ್ರುವರಿಯಲ್ಲಿ ಅವನ ಶ್ವಾಸನಾಳಕ್ಕೆ ರಂಧ್ರ ಮಾಡಿದರು. ಚಕ್ರವರ್ತಿಯಾದಾಗ ಅವನು ಚೀಟಿಗಳಲ್ಲಿ ಬರೆದು ತೋರಿಸುತ್ತಿದ್ದ. 99 ದಿನ ಆಳಿ ಜೂನ್ 15ರಂದು ತೀರಿಕೊಂಡ. ಬಯಾಪ್ಸಿಯಲ್ಲಿ ಏನೂ ಇಲ್ಲ ಎಂದು ಬಂದರೂ ದನಿ ಮರಳದಿದ್ದರೆ ಮತ್ತೆ ನೋಡಬೇಕು ಎಂಬುದನ್ನು ವೈದ್ಯಲೋಕ ಕಲಿತದ್ದು ಇಂಥ ಪ್ರಕರಣಗಳಿಂದ. ಆ ಹೊತ್ತಿಗೆ ಧ್ವನಿತಂತುಗಳನ್ನು ನೋಡುವ ಉಪಾಯ ಹೊಸದಾಗಿಯೂ ಇರಲಿಲ್ಲ. 1854ರಲ್ಲಿ ಮಾನುವೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು ಬಿಸಿಲು, ಎರಡು ಕನ್ನಡಿ ಇಟ್ಟುಕೊಂಡು ತನ್ನದೇ ಧ್ವನಿತಂತುಗಳನ್ನು ನೋಡಿದ್ದ. ಹಾಡುವವನೊಬ್ಬ ಕಂಡುಹಿಡಿದ ವಿದ್ಯೆ ನಮ್ಮ ಭಾಗವತರಿಗೂ ಗಲ್ಲೆಯ ಮೇಲೆ ಕೂಗುವವರಿಗೂ ಇನ್ನೂ ತಲುಪಿಲ್ಲವಲ್ಲ ಎಂಬುದು ನನ್ನ ಸಂಕಟ.

ಸರ್ಕಾರದ ತಪಾಸಣೆ ಕಾರ್ಯಕ್ರಮ ಮೂವತ್ತು ದಾಟಿದವರಲ್ಲಿ ಹುಡುಕುವುದು ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರುಗಳನ್ನು. ಧ್ವನಿಪೆಟ್ಟಿಗೆ ಅದರಲ್ಲಿಲ್ಲ. ಇದನ್ನು ನಾನು ತಪ್ಪೆನ್ನುವುದಿಲ್ಲ. ಆರೋಗ್ಯವಾಗಿರುವ ಎಲ್ಲರ ಮೂಗಿಗೂ ನಳಿಕೆ ಇಳಿಸಲಾಗದು. ಆದರೆ ಹಾಗಿರುವಾಗ ಈ ಕ್ಯಾನ್ಸರನ್ನು ಬೇಗ ಹಿಡಿಯಲು ಉಳಿಯುವುದು ಜನರ ತಿಳುವಳಿಕೆ ಮಾತ್ರ, ಆ ತಿಳುವಳಿಕೆ ಕೊಡಬೇಕಾದ ಜಾಗ ಅದೇ ಶೇ. 85ರ ಚಿತ್ರ. ಅದರ ಮೇಲೆ ನಡೆದ ಜಗಳವಾದರೂ ಯಾವುದರ ಬಗ್ಗೆ? 2017ರ ಡಿಸೆಂಬರ್ 15ರಂದು ಕರ್ನಾಟಕ ಹೈಕೋರ್ಟು ಆ ನಿಯಮವನ್ನು ರದ್ದು ಮಾಡಿತು. 2018ರ ಜನವರಿ 8ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ತಡೆ ಸಿಕ್ಕಿದ್ದು ಒಳ್ಳೆಯದೇ ಆಯಿತು. ಆದರೆ ಪತ್ರಿಕೆಗಳಲ್ಲಿ ನಾನು ಓದಿದ ವಾದವೆಲ್ಲ ಚಿತ್ರ ಎಷ್ಟು ದೊಡ್ಡದಿರಬೇಕು ಎಂಬುದರ ಸುತ್ತಲೇ ಇತ್ತು. 2018ರ ಸೆಪ್ಟೆಂಬರಿನಿಂದ ಚಿತ್ರಗಳು ಬದಲಾದವು, ಗಂಟಲ ಹೆಸರು ಹೋಯಿತು, ಬಿಡಲು ಸಹಾಯ ಬೇಕಾದವರಿಗೆ 1800-11-2356 ಎಂಬ ಸಂಖ್ಯೆ ಬಂತು. ಎಚ್ಚರಿಕೆಯ ಇಡೀ ಇತಿಹಾಸದಲ್ಲಿ ನನಗೆ ಅತಿ ಹೆಚ್ಚು ಮೆಚ್ಚುಗೆಯಾದದ್ದು ಆ ಸಂಖ್ಯೆಯೇ. ಹೆದರಿದವನಿಗೆ ಮುಂದೆ ಏನು ಮಾಡಬೇಕು ಎಂದು ಅದು ಹೇಳುತ್ತದೆ. ಅದರ ಪಕ್ಕದಲ್ಲಿ "ಮೂರು ವಾರ" ಎಂಬ ಎರಡು ಪದಗಳಿಗೆ ಖಂಡಿತ ಜಾಗವಿದೆ.

ಮಾವನ ವಿಕಿರಣ ಚಿಕಿತ್ಸೆ ಖಾರ್ಘರಿನಲ್ಲಿ ಆಯಿತು. ನೆರೂಳದಿಂದ ಮೂರನೆಯ ಸ್ಟೇಷನ್ನು: ಸೀವುಡ್ಸ್, ಬೇಲಾಪುರ, ಖಾರ್ಘರ್. ವಾರಕ್ಕೆ ಐದು ದಿನ, ಆರು ವಾರ. ಪರೇಲಿನ ಟಾಟಾ ಆಸ್ಪತ್ರೆಯ ಎದುರು ಫುಟ್‌ಪಾತಿನಲ್ಲಿ ಮಲಗಿ ಸರದಿ ಕಾಯುವವರನ್ನು ಕಂಡವರಿಗೆ ನಮ್ಮದು ಎಂಥ ಭಾಗ್ಯ ಎಂದು ಗೊತ್ತಾಗುತ್ತದೆ.

ಕಾಯುವ ಬೆಂಚಿನಲ್ಲಿ ಒಂದು ದಿನ ಪಕ್ಕಕ್ಕೆ ಬಂದು ಕೂತವರು ವಿಜಯಪುರದ ಕಡೆಯ ಹಿರಿಯರು. ಬಿಳಿ ಟೋಪಿ, ಕತ್ತಿನ ಬುಡದಲ್ಲಿ ರಂಧ್ರ, ಅದರ ಮೇಲೆ ತೆಳು ಬಟ್ಟೆ. ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು, ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಪುಟ್ಟ ಕವಾಟ ಕೂರಿಸಿದ್ದರು. ಬೆಂಗಳೂರಿನ ಡಾ. ವಿಶಾಲ್ ರಾವ್ ಬಡವರಿಗೆ ಕೈಗೆಟುಕಲಿ ಎಂದು ಅಗ್ಗದ ಬೆಲೆಗೆ ಮಾಡಿದ 'ಓಂ' ಎಂಬುದೂ ಇಂಥದೇ ಕವಾಟ. ಆ ಹಿರಿಯರು ಹೆಬ್ಬೆರಳಿನಿಂದ ಬಟ್ಟೆಯ ಮೇಲೆ ರಂಧ್ರವನ್ನು ಒತ್ತಿ, ಗಾಳಿ ಮೇಲಕ್ಕೆ ತಿರುಗಿದ ಮೇಲೆ ಕೇಳಿದರು: "ಯಾವೂರ‍್ರೀ ನಿಮ್ದು?" ಮರಕ್ಕೆ ಮರ ಉಜ್ಜಿದಂಥ ದನಿ, ಆದರೆ ಪ್ರತಿ ಅಕ್ಷರವೂ ಸ್ಪಷ್ಟ.

ಮಾವ ತಮ್ಮ ಉಳಿದ ಪಿಸುದನಿಯಲ್ಲಿ ಊರು ಹೇಳಿದರು. ಎಷ್ಟು ದಿನಕ್ಕೆ ತೋರಿಸಿದಿರಿ ಎಂದು ಕೇಳಿದರು.

ಅವರು ಬೆರಳು ತೆಗೆದು ಒಮ್ಮೆ ಉಸಿರೆಳೆದುಕೊಂಡರು. ಮತ್ತೆ ಒತ್ತಿದರು. "ಶ್ರಾವಣದಾಗ ದನಿ ಹೋತ್ರೀ. ಜ್ವಾಳದ ಸುಗ್ಗಿ ಮುಗೀಲಿ ಅಂದ್ವಿ. ಶಿವರಾತ್ರಿ ಮುಂದ ಇಲ್ಲಿಗಿ ಬಂದ್ವಿ."